ಎಲೆಕ್ಟ್ರಿಕ್ ಕಾರಿಗೆ 18 ಇಂಚಿನ ಚಕ್ರ ಮತ್ತು ತಗ್ಗಿಸಿದ ಸ್ಪ್ರಿಂಗ್: ಮಾಡಿಸಬಹುದೇ?

ಬಿಳಿನೆಕ್ಸಾನ್_ತುಮಕೂರು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ನೆಕ್ಸಾನ್ ಇವಿ ಓಡಿಸುತ್ತಿದ್ದೇನೆ. 40.5 ಕಿಲೋವ್ಯಾಟ್‌ಅವರ್ ಬ್ಯಾಟರಿಯ ಗಾಡಿ, ಇದುವರೆಗೆ 38,000 ಕಿ.ಮೀ. ಆಗಿದೆ. ವಾರಕ್ಕೆ ಮೂರು ದಿನ ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರುತ್ತೇನೆ. ತಿಂಗಳಿಗೊಮ್ಮೆ ಮನೆಯವರೆಲ್ಲರೂ ಸಾಮಾನು ಸಮೇತ ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿದು ಪುತ್ತೂರಿಗೆ ಹೋಗುತ್ತೇವೆ. ಕಾರ್ಖಾನೆಯಿಂದ ಬಂದ 215/60 ಆರ್16 (ಅಗಲ 215 ಮಿ.ಮೀ., ಪಕ್ಕದ ಎತ್ತರ ಆ ಅಗಲದ ನೂರಕ್ಕೆ 60, ಚಕ್ರ 16 ಇಂಚು) ಟೈರುಗಳು ಸವೆದಿವೆ. ಹೇಗೂ ನಾಲ್ಕನ್ನೂ ಬದಲಿಸಲೇಬೇಕಾಗಿರುವುದರಿಂದ, ಬಹಳ ದಿನದ ಆಸೆಯೊಂದನ್ನು ಈಗಲೇ ತೀರಿಸಿಕೊಳ್ಳೋಣ ಎಂದುಕೊಂಡಿದ್ದೇನೆ.

18 ಇಂಚಿನ ಅಲಾಯ್ ಚಕ್ರಕ್ಕೆ 225/45 ಟೈರು ಹಾಕಿಸಿ, ಮುಂದೆ 35 ಮಿ.ಮೀ., ಹಿಂದೆ 25 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಕೂರಿಸುವುದು ನನ್ನ ಯೋಜನೆ. ಕಾರಣಗಳು ಮೂರು. ಚಕ್ರದ ಮೇಲಿನ ಕಮಾನಿನಲ್ಲಿ ಕಾಣುವ ದೊಡ್ಡ ಖಾಲಿ ಜಾಗ ಮೊದಲ ದಿನದಿಂದಲೂ ನನ್ನ ಕಣ್ಣಿಗೆ ಹಿತವಾಗಿಲ್ಲ. ಹೆದ್ದಾರಿಯಲ್ಲಿ ಲೇನ್ ಬದಲಿಸುವಾಗ ಗಾಡಿ ಪಕ್ಕಕ್ಕೆ ವಾಲುವುದು ಇತ್ತೀಚೆಗೆ ಹೆಚ್ಚಾದಂತೆ ಅನ್ನಿಸುತ್ತದೆ. ಮೂರನೆಯದಾಗಿ, ತಗ್ಗಿದ ಗಾಡಿಗೆ ಗಾಳಿಯ ತಡೆ ಕಡಿಮೆಯಾಗಿ ಒಂದು ಚಾರ್ಜಿನಲ್ಲಿ ಇನ್ನಷ್ಟು ದೂರ ಹೋಗಬಹುದು ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದಾರೆ. ಹಣ ಕೊಡುವ ಮೊದಲು ಬಲ್ಲವರ ಅಭಿಪ್ರಾಯ ಬೇಕು.

ಟಾರ್ಕ್_ಲೆಕ್ಕ

ನಿಮ್ಮ ಮೂರನೆಯ ಕಾರಣವನ್ನು ಮೊದಲು ನೋಡೋಣ, ಏಕೆಂದರೆ ಅದನ್ನು ಲೆಕ್ಕ ಹಾಕಿ ಪರೀಕ್ಷಿಸಬಹುದು.

ಗಾಡಿಯ ತೂಕ 1,500 ಕೆ.ಜಿ. ಎಂದಿಟ್ಟುಕೊಳ್ಳಿ. ಒಳ್ಳೆಯ ಟೈರಿನ ಉರುಳು ಪ್ರತಿರೋಧದ, ಅಂದರೆ ಟೈರು ಉರುಳುವಾಗ ಎದುರಾಗುವ ತಡೆಯ, ಗುಣಾಂಕ 0.009 ಇದ್ದರೆ, ಅದನ್ನು ಮೀರಿ ಮುಂದೆ ಸಾಗಲು ಸುಮಾರು 132 ನ್ಯೂಟನ್ ಬಲ ಬೇಕು. ಅಗಲವಾದ, ಹಿಡಿತಕ್ಕೆಂದೇ ಮಾಡಿದ ಟೈರಿನಲ್ಲಿ ಅದು 0.011ಕ್ಕೆ ಏರಿದರೆ 162 ನ್ಯೂಟನ್ ಬೇಕು. ವ್ಯತ್ಯಾಸ 30 ನ್ಯೂಟನ್, ಅಂದರೆ ಪ್ರತಿ ಕಿಲೋಮೀಟರಿಗೆ 8 ವ್ಯಾಟ್‌ಅವರ್‌ಗಿಂತ ತುಸು ಹೆಚ್ಚು. ನಿಮ್ಮ ಗಾಡಿ ಕಿಲೋಮೀಟರಿಗೆ 130 ವ್ಯಾಟ್‌ಅವರ್ ಬಳಸುತ್ತಿದ್ದರೆ, ಟೈರಿನ ಆಯ್ಕೆಯೊಂದರಿಂದಲೇ ನೂರಕ್ಕೆ 6ರಷ್ಟು ಕಳೆದುಕೊಂಡಿರಿ.

ಈಗ ಗಾಳಿಯ ವಿಷಯ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಈ ಗಾತ್ರದ ಗಾಡಿಯ ಮೇಲೆ ಗಾಳಿಯ ತಡೆ ಸುಮಾರು 370 ನ್ಯೂಟನ್ ಇರುತ್ತದೆ. ಗಾಡಿಯನ್ನು ತಗ್ಗಿಸಿದ್ದರಿಂದ ಅದರಲ್ಲಿ ನೂರಕ್ಕೆ 2ರಷ್ಟು ಉಳಿಯಿತು ಎಂದು ಉದಾರವಾಗಿಯೇ ಒಪ್ಪಿಕೊಂಡರೂ ಸಿಗುವುದು 7 ನ್ಯೂಟನ್, ಅಂದರೆ ಕಿಲೋಮೀಟರಿಗೆ 2 ವ್ಯಾಟ್‌ಅವರ್. ಅದೂ ಹೆದ್ದಾರಿಯ ವೇಗದಲ್ಲಿ ಮಾತ್ರ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ನಗರದೊಳಗೆ 40 ಕಿ.ಮೀ. ವೇಗದಲ್ಲಿ ಅದು 60 ನ್ಯೂಟನ್ನಿನಷ್ಟೇ ಇರುತ್ತದೆ, ಉಳಿತಾಯ ಎಣಿಕೆಗೇ ಸಿಗುವುದಿಲ್ಲ. ಸ್ಪ್ರಿಂಗಿನಿಂದ ಬರುವ 2ನ್ನು ಟೈರು ತಿನ್ನುವ 8ರ ಮುಂದಿಟ್ಟು ನೋಡಿದರೆ, ನೀವು ಹೇಳಿದ ಜೋಡಣೆಯಿಂದ ಒಂದು ಚಾರ್ಜಿನ ಓಟ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಇದು ಬರಿಯ ಕಾಗದದ ಲೆಕ್ಕವಲ್ಲ. ಟೆಸ್ಲಾ ಮಾಡೆಲ್ 3ರ 2024ರ ಲಾಂಗ್ ರೇಂಜ್ ಆವೃತ್ತಿಗೆ ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ 18 ಇಂಚಿನ ಚಕ್ರದೊಂದಿಗೆ 678 ಕಿ.ಮೀ., 19 ಇಂಚಿನ ಚಕ್ರದೊಂದಿಗೆ 629 ಕಿ.ಮೀ. ಬಂದಿದೆ. ಅದೇ ಬ್ಯಾಟರಿ, ಅದೇ ಮೋಟಾರು, ಹೊರವ್ಯಾಸವೂ ಬಹುತೇಕ ಒಂದೇ. ಚಕ್ರದ ಮುಖದ ಆಕಾರ ಮತ್ತು ಟೈರು ಬದಲಾದದ್ದಕ್ಕೆ 49 ಕಿ.ಮೀ. ಹೋಯಿತು.

ಇನ್ನು ಅಳತೆ. ನಿಮ್ಮ ಈಗಿನ ಟೈರಿನ ಹೊರವ್ಯಾಸ 664 ಮಿ.ಮೀ. 225/45 ಆರ್18ರದ್ದು 660 ಮಿ.ಮೀ. ವ್ಯತ್ಯಾಸ ನೂರಕ್ಕೆ ಒಂದರೊಳಗೇ ಇರುವುದರಿಂದ ಸ್ಪೀಡೋಮೀಟರಿನ ಚಿಂತೆ ಬೇಡ. ಚಿಂತಿಸಬೇಕಾದದ್ದು ಬೇರೆ ಇದೆ. 215/60 ಆರ್16 ಟೈರಿನ ಮೇಲೆ ಸಾಮಾನ್ಯವಾಗಿ 95 ಎಂಬ ಭಾರಸೂಚಿ ಇರುತ್ತದೆ, ಅಂದರೆ ಒಂದು ಟೈರು 690 ಕೆ.ಜಿ. ಹೊರಬಲ್ಲದು. ಸಾಧಾರಣ ಶ್ರೇಣಿಯ 225/45 ಆರ್18 ಟೈರಿನ ಭಾರಸೂಚಿ 91, ಅಂದರೆ 615 ಕೆ.ಜಿ. ನಾಲ್ಕು ಟೈರುಗಳಿಂದ 300 ಕೆ.ಜಿ. ಸಾಮರ್ಥ್ಯ ಕೈಬಿಟ್ಟಂತಾಯಿತು. ಬ್ಯಾಟರಿಯ ತೂಕದಿಂದಾಗಿ ಮೊದಲೇ ಭಾರವಾಗಿರುವ ಗಾಡಿಗೆ, ಐದು ಜನ ಮತ್ತು ಸಾಮಾನಿನೊಂದಿಗೆ ಘಾಟಿ ಇಳಿಯುವ ಗಾಡಿಗೆ, ಇದನ್ನು ನಾನು ಎಂದಿಗೂ ಒಪ್ಪಲಾರೆ. ಎಕ್ಸ್‌ಎಲ್ (ಹೆಚ್ಚು ಭಾರಕ್ಕೆ ಮಾಡಿದ್ದು) ಎಂದು ಬರೆದ, ಭಾರಸೂಚಿ 95ರ ಟೈರನ್ನೇ ಹುಡುಕಿದರೆ 690 ಕೆ.ಜಿ. ಮರಳಿ ಸಿಗುತ್ತದೆ. ಆದರೆ ಸಾಧಾರಣ ಟೈರಿಗೆ ಪೂರ್ಣ ಭಾರದ ಗಾಳಿ 2.5 ಬಾರ್ ಆದರೆ ಎಕ್ಸ್‌ಎಲ್‌ಗೆ 2.9 ಬಾರ್. ಹಿಂದಿನಷ್ಟೇ ಭಾರ ಹೊರಲು ಹೆಚ್ಚು ಗಾಳಿ ತುಂಬಬೇಕಾಗುತ್ತದೆ, ಆಗ ಸವಾರಿ ಇನ್ನಷ್ಟು ಬಿರುಸಾಗುತ್ತದೆ. ಜೊತೆಗೆ 129 ಮಿ.ಮೀ. ಇದ್ದ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) 101ಕ್ಕೆ ಇಳಿದಿರುತ್ತದೆ.

ಹಳೇರಸ್ತೆ_ಹೊಸಗಾಡಿ

ನನಗಾದದ್ದನ್ನು ಬರೆಯುತ್ತೇನೆ. ಗಾಡಿ ಯಾವುದು, ಸರ್ವಿಸ್ ಎಲ್ಲಿ ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ತೀರ್ಮಾನ ಪೂರ್ತಿ ನನ್ನದಾಗಿತ್ತು.

ಮೂರು ವರ್ಷದ ಹಿಂದೆ ನನ್ನ ಎಲೆಕ್ಟ್ರಿಕ್ ಗಾಡಿಗೆ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದೆ. ಆರು ತಿಂಗಳು ಬಹಳ ಸಂತೋಷವಾಗಿತ್ತು. ಗಾಡಿ ನೋಡಲು ಚೆನ್ನಾಗಿತ್ತು, ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಹೋಗುತ್ತಿತ್ತು. ಒಬ್ಬನೇ ಓಡಾಡುವಾಗ ಎಲ್ಲಿಯೂ ತಳ ತಾಗಿರಲಿಲ್ಲ. ಒಂದು ರಾತ್ರಿ ಐದು ಜನ ಕುಳಿತು ಮದುವೆ ಮುಗಿಸಿ ಬರುವಾಗ, ಬಣ್ಣ ಬಳಿಯದ, ಫಲಕವಿಲ್ಲದ ಉಬ್ಬೊಂದರ ಮೇಲೆ ಗಾಡಿಯ ಹೊಟ್ಟೆ ಕೂತಿತು. ದೊಡ್ಡ ಸದ್ದು ಬಂತು. ಇಳಿದು ಟಾರ್ಚ್ ಹಾಕಿ ನೋಡಿದರೆ ಗೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಗಾಡಿ ಎಂದಿನಂತೆ ಮನೆ ತಲುಪಿತು.

ನಾಲ್ಕು ದಿನ ಕಳೆದ ಮೇಲೆ, ಜೋರು ಮಳೆ ಬಂದ ಬೆಳಿಗ್ಗೆ, ಹೈವೋಲ್ಟೇಜ್ ಇನ್ಸುಲೇಷನ್ ದೋಷದ ಎಚ್ಚರಿಕೆ ಬಂದು ಗಾಡಿ ಚಾಲೂ ಆಗಲಿಲ್ಲ. ಎತ್ತಿ ನೋಡಿದಾಗ ಬ್ಯಾಟರಿ ಪೆಟ್ಟಿಗೆಯ ತಳದ ತಟ್ಟೆ ಅಂಗೈ ಅಗಲ ಒಳಕ್ಕೆ ಬಾಗಿತ್ತು, ಅಂಚಿನ ಸೀಲ್ ಬಿಟ್ಟುಕೊಂಡು ಒಳಗೆ ನೀರು ಇಳಿದಿತ್ತು. ವಿಮೆಯ ಸರ್ವೇಯರ್ ಬಂದವರು ಮೊದಲು ಅಳೆದದ್ದು ನೆಲದಿಂದ ಗಾಡಿಯ ಎತ್ತರವನ್ನು. ಕಾರ್ಖಾನೆಯದಲ್ಲದ ಸ್ಪ್ರಿಂಗ್ ಇದೆಯೆಂದು, ಅದನ್ನು ಪಾಲಿಸಿಯಲ್ಲಿ ತಿಳಿಸಿಲ್ಲವೆಂದು ಬರೆದುಕೊಂಡರು. ದುರಸ್ತಿಯ ಹಣದಲ್ಲಿ ದೊಡ್ಡ ಪಾಲನ್ನು ನಾನೇ ಕಟ್ಟಿದೆ. ಪೆಟ್ರೋಲ್ ಗಾಡಿಯ ಹೊಟ್ಟೆ ತಾಗಿದರೆ ಸೈಲೆನ್ಸರ್ ಪೈಪ್ ಹೋಗುತ್ತದೆ, ಹೆಚ್ಚೆಂದರೆ ಆಯಿಲ್ ಸಂಪ್ ಒಡೆಯುತ್ತದೆ. ನಮ್ಮ ಗಾಡಿಗಳಲ್ಲಿ ಅತ್ಯಂತ ಬೆಲೆಬಾಳುವ ವಸ್ತುವೇ ನೆಲಕ್ಕೆ ಅತ್ಯಂತ ಹತ್ತಿರದಲ್ಲಿದೆ. ಅದನ್ನು ಇನ್ನೂ 30 ಮಿ.ಮೀ. ಹತ್ತಿರ ತಂದವನು ನಾನು.

ಬಿಳಿನೆಕ್ಸಾನ್_ತುಮಕೂರು

ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕೃತಜ್ಞ. ಆದರೂ ಒಂದು ಸಂದೇಹ. ನನ್ನದು 190 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವ ಗಾಡಿ. 35 ಕಳೆದರೂ 155 ಉಳಿಯುತ್ತದೆ. 145 ಮಿ.ಮೀ. ಇರುವ ಬಿವೈಡಿ ಸೀಲ್ ನಮ್ಮ ಇದೇ ರಸ್ತೆಗಳಲ್ಲಿ ಓಡಾಡುತ್ತಿದೆಯಲ್ಲ?

ಟಾರ್ಕ್_ಲೆಕ್ಕ

ಪ್ರಶ್ನೆ ಸರಿಯಾಗಿದೆ. ಇದಕ್ಕೆ ಉತ್ತರ ಉಬ್ಬಿನ ಆಕಾರದಲ್ಲಿದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಎಂಬ ಮಾನದಂಡದ ಪ್ರಕಾರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಮಾಡುವ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಅದರ ಮೇಲ್ಮೈ 17 ಮೀಟರ್ ತ್ರಿಜ್ಯದ ಚಾಪವಾಗಿರಬೇಕು. ಅಂಥ ಉಬ್ಬಿನ ಮೇಲೆ ನಿಮ್ಮ ಗಾಡಿಯ ನಾಲ್ಕೂ ಚಕ್ರಗಳು ನಿಂತಿವೆ ಎಂದು ಊಹಿಸಿಕೊಳ್ಳಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ನಿಮ್ಮಲ್ಲಿ 2,498 ಮಿ.ಮೀ. ಚಾಪದ ನಡುಭಾಗ ಚಕ್ರಗಳು ನಿಂತ ಮಟ್ಟಕ್ಕಿಂತ 46 ಮಿ.ಮೀ. ಮೇಲೆ ಬರುತ್ತದೆ, ಅಷ್ಟೇ. 2,920 ಮಿ.ಮೀ. ಅಂತರದ ಸೀಲ್‌ಗೆ ಅದೇ ಲೆಕ್ಕ 63 ಮಿ.ಮೀ. ಎಂದು ಬರುತ್ತದೆ. ಮಾನದಂಡದಂತೆ ಕಟ್ಟಿದ ಉಬ್ಬಿನ ಮೇಲೆ ಎರಡೂ ಗಾಡಿಗಳು ನಿಧಾನವಾಗಿ ಹೋದರೆ ಆರಾಮಾಗಿ ದಾಟುತ್ತವೆ, ತಗ್ಗಿಸಿದ ನಿಮ್ಮ ಗಾಡಿಯೂ ದಾಟುತ್ತದೆ.

ಆದರೆ ನಮ್ಮ ಬಡಾವಣೆಗಳಲ್ಲಿ, ಊರಿನ ಶಾಲೆಯ ಮುಂದೆ, ದೇವಸ್ಥಾನದ ತಿರುವಿನಲ್ಲಿ ಇರುವುದು ಅಂಥ ಉಬ್ಬಲ್ಲ. ಒಂದೆರಡು ಅಡಿ ಅಗಲದ, ಸಿಮೆಂಟು ಇಲ್ಲವೇ ಡಾಂಬರು ಸುರಿದು ಕಟ್ಟಿದ ದಿಬ್ಬ. ಮುಂದಿನ ಚಕ್ರ ಅದನ್ನು ಇಳಿದು ಆಚೆ ನೆಲ ಮುಟ್ಟಿರುತ್ತದೆ, ಹಿಂದಿನ ಚಕ್ರ ಇನ್ನೂ ಈಚೆ ನೆಲದಲ್ಲೇ ಇರುತ್ತದೆ. ಆಗ ದಿಬ್ಬದ ಪೂರ್ತಿ ಎತ್ತರ ಹೊಟ್ಟೆಯ ಕೆಳಗೆ ಬರುತ್ತದೆ. ದಿಬ್ಬ 12 ಸೆಂ.ಮೀ. ಇದ್ದರೆ ನಿಮ್ಮ 155ರಲ್ಲಿ ಉಳಿಯುವುದು 35. ಐದು ಜನ ಕುಳಿತಾಗ ಸ್ಪ್ರಿಂಗ್ 30 ಮಿ.ಮೀ.ನಷ್ಟು ಕುಗ್ಗಿದರೆ 5. ಮುಂದಿನ ಚಕ್ರ ದಿಬ್ಬದಿಂದ ಧುಮುಕಿದಾಗ ಗಾಡಿ ಇನ್ನೂ ಕೆಳಗೆ ಹೋಗುತ್ತದೆ, ಅದನ್ನು ನಾನು ಇಲ್ಲಿ ಸೇರಿಸಿಯೇ ಇಲ್ಲ. ಕಡಿಮೆ ಎತ್ತರದ ಸೆಡಾನ್ ಕೊಂಡವರು ದಿಬ್ಬಕ್ಕೆ ಅಡ್ಡಡ್ಡವಾಗಿ ಹತ್ತಿಸಿ ಇಳಿಸುವುದನ್ನು ಮೊದಲ ವಾರದಲ್ಲೇ ಕಲಿಯುತ್ತಾರೆ. ಎತ್ತರದ ಗಾಡಿಯಲ್ಲಿ ಕೈ ಪಳಗಿದ ನಿಮಗೆ ಆ ರೂಢಿ ಇಲ್ಲ.

ವಾಲುವಿಕೆಯ ಬಗ್ಗೆಯೂ ಒಂದು ಮಾತು. ಬ್ಯಾಟರಿ ಗಾಡಿಯ ತಳದಲ್ಲೇ ಇರುವುದರಿಂದ ನಿಮ್ಮ ಗಾಡಿಯ ಗುರುತ್ವಕೇಂದ್ರ ಅದೇ ಗಾಡಿಯ ಪೆಟ್ರೋಲ್ ಆವೃತ್ತಿಗಿಂತ ಮೊದಲೇ ಕೆಳಗಿದೆ. ಮೊದಲು ಚೆನ್ನಾಗಿದ್ದು ಈಗ ವಾಲುವುದು ಹೆಚ್ಚಾಗಿದ್ದರೆ ಅದು ಎತ್ತರದ ದೋಷವಾಗಿರಲಾರದು. ಟೈರಿನ ಗಾಳಿ, ಟೈರಿನ ಸವೆತ, ಶಾಕ್ ಅಬ್ಸಾರ್ಬರ್, ಆಂಟಿರೋಲ್ ಬಾರಿನ (ಗಾಡಿ ವಾಲುವುದನ್ನು ತಡೆಯುವ ಸರಳಿನ) ಲಿಂಕುಗಳು, ಇವನ್ನು ಈ ಕ್ರಮದಲ್ಲೇ ನೋಡಿಸಿ.

ಚಕ್ರಜೋಡಣೆ_ಹುಬ್ಬಳ್ಳಿ

ನಾನು ಹದಿನೆಂಟು ವರ್ಷದಿಂದ ವೀಲ್ ಅಲೈನ್‌ಮೆಂಟ್ ಕೆಲಸ ಮಾಡುತ್ತಿದ್ದೇನೆ. ಮೇಲಿನವರು ಹೇಳದೆ ಬಿಟ್ಟ ಕೆಲವನ್ನು ಸೇರಿಸುತ್ತೇನೆ.

ನೆಕ್ಸಾನಿನ ಸಸ್ಪೆನ್ಷನ್‌ನಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಜೋಡಣೆ) ಇದೆ, ಹಿಂದೆ ಟ್ವಿಸ್ಟ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಇದೆ. ಗಾಡಿ ತಗ್ಗಿದಾಗ ಮುಂದೆ ಲೋವರ್ ಆರ್ಮ್ ಮತ್ತು ಸ್ಟಿಯರಿಂಗಿನ ಟೈ ರಾಡ್ ತಮ್ಮ ತಮ್ಮ ಕೋನದಲ್ಲಿ ಮೇಲಕ್ಕೆ ತಿರುಗುತ್ತವೆ. ಎರಡರ ಚಾಪವೂ ಒಂದೇ ಅಲ್ಲದ ಕಾರಣ ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಬದಲಾಗುತ್ತದೆ, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಕೂಡ ಒಳಮುಖವಾಗುತ್ತದೆ. ಟೋ ಸರಿಪಡಿಸಬಹುದು. ಕ್ಯಾಂಬರ್ ಸರಿಪಡಿಸಲು ಕಾರ್ಖಾನೆ ಜಾಗ ಕೊಟ್ಟಿರುವುದಿಲ್ಲ, ಬೇರೆ ಬೋಲ್ಟ್ ಹಾಕಬೇಕು. ಹಾಗೆಯೇ ಬಿಟ್ಟರೆ ಟೈರಿನ ಒಳಂಚು ಸವೆಯುತ್ತದೆ. ಹೊರಗೆ ನಿಂತು ನೋಡುವವರಿಗೆ ಟೈರು ಹೊಸದರಂತೆ ಕಾಣುತ್ತಿರುತ್ತದೆ, ಒಳಗೆ ತಂತಿ ಎದ್ದಿರುತ್ತದೆ. ಎಲೆಕ್ಟ್ರಿಕ್ ಗಾಡಿಯ ತೂಕಕ್ಕೆ ಮತ್ತು ಕಾಲಿಟ್ಟ ತಕ್ಷಣ ಬರುವ ಟಾರ್ಕಿಗೆ ಈ ಸವೆತ ಬೇಗ ಬರುವುದನ್ನು ನಾನು ದಿನವೂ ನೋಡುತ್ತಿದ್ದೇನೆ.

ಶಾಕ್ ಅಬ್ಸಾರ್ಬರಿನ ವಿಷಯ ಇನ್ನೂ ಗಂಭೀರ. ಗಾಡಿ ಗುಂಡಿಗೆ ಬಿದ್ದಾಗ ಚಕ್ರ ಮೇಲಕ್ಕೆ ಬರಲು ಇರುವ ದಾರಿಯಲ್ಲೇ 35 ಮಿ.ಮೀ. ಮೊದಲೇ ಖರ್ಚಾಗಿರುತ್ತದೆ. ಉಳಿದ ದಾರಿ ಮುಗಿದ ಕೂಡಲೇ ರಬ್ಬರಿನ ಬಂಪ್ ಸ್ಟಾಪ್‌ಗೆ ಹೊಡೆಯುತ್ತದೆ. ಒಳ್ಳೆಯ ಕಂಪನಿಗಳು ತಗ್ಗಿಸುವ ಸ್ಪ್ರಿಂಗನ್ನು ಗಟ್ಟಿಯಾಗಿ ಮಾಡುವುದು ಇದಕ್ಕಾಗಿಯೇ. ಹಳೆಯ ಶಾಕ್ ಅಬ್ಸಾರ್ಬರನ್ನು ಮೃದುವಾದ ಸ್ಪ್ರಿಂಗಿಗೆ ಹೊಂದಿಸಿರುತ್ತಾರೆ. ಹೊಸ ಸ್ಪ್ರಿಂಗನ್ನು ಅದು ಹಿಡಿದಿಡಲಾರದೆ ಗಾಡಿ ಕುಣಿಯುತ್ತದೆ. ಕೆಲವೇ ತಿಂಗಳಲ್ಲಿ ಎಣ್ಣೆ ಸೋರಿಸಿಕೊಂಡು ಬಂದವರನ್ನೂ ಕಂಡಿದ್ದೇನೆ.

ಇನ್ನು ಸ್ಪ್ರಿಂಗನ್ನೇ ಕತ್ತರಿಸಿ ಒಂದು ಸುತ್ತು ತೆಗೆಯುವ ಕೆಲಸ. ದಯವಿಟ್ಟು ಯಾರೂ ಮಾಡಿಸಬೇಡಿ. ಗಾಡಿಯನ್ನು ಜಾಕ್ ಮೇಲೆ ಎತ್ತಿದಾಗ ಅಥವಾ ಚಕ್ರ ಗುಂಡಿಯೊಳಗೆ ಇಳಿದಾಗ ಗಿಡ್ಡವಾದ ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಸಡಿಲಗೊಂಡು ಪಕ್ಕಕ್ಕೆ ಜರಗುತ್ತದೆ. ಮತ್ತೆ ಭಾರ ಬಿದ್ದಾಗ ಅದು ಎಲ್ಲಿ ಕೂರುತ್ತದೆ ಎಂದು ಹೇಳಲಾಗದು. ಈ ಕೆಲಸಕ್ಕೆ ಗಾಡಿ ಎತ್ತುವಾಗಲೂ ಕಂಪನಿ ಗುರುತಿಸಿದ ನಾಲ್ಕು ಜಾಗಗಳಲ್ಲೇ ಎತ್ತಬೇಕು. ನಡುವೆ ಅಗಲವಾಗಿ ಚಪ್ಪಟೆಯಾಗಿದೆ ಎಂದು ಬ್ಯಾಟರಿ ಪೆಟ್ಟಿಗೆಗೇ ಜಾಕ್ ಕೊಡಲು ಹೋದ ಹುಡುಗರನ್ನು ನಾನೇ ಓಡಿಹೋಗಿ ತಡೆದಿದ್ದೇನೆ.

ಹೆಡ್‌ಲೈಟನ್ನು ಬಹಳ ಜನ ಮರೆಯುತ್ತಾರೆ. ಮುಂದೆ 35, ಹಿಂದೆ 25 ಎಂದರೆ ಮೂತಿ 10 ಮಿ.ಮೀ. ಹೆಚ್ಚು ಬಗ್ಗಿತು. ನಿಮ್ಮ ಗಾಡಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರಕ್ಕೆ ಅದು ನೂರಕ್ಕೆ 0.4ರ ಇಳಿಜಾರು. ಡಿಮ್ ಬೆಳಕನ್ನು ಸಾಮಾನ್ಯವಾಗಿ ನೂರಕ್ಕೆ 1ರ ಇಳಿಜಾರಿಗೆ ಹೊಂದಿಸಿರುತ್ತಾರೆ. ದೀಪ 75 ಸೆಂ.ಮೀ. ಎತ್ತರದಲ್ಲಿದ್ದರೆ ಬೆಳಕು 75 ಮೀಟರ್ ದೂರ ಬೀಳುತ್ತಿದ್ದದ್ದು ಸುಮಾರು 54 ಮೀಟರಿಗೆ ಬರುತ್ತದೆ. ಶಿರಾಡಿಯಲ್ಲಿ ಮಳೆಗಾಲದ ರಾತ್ರಿ ಆ 21 ಮೀಟರ್ ನಿಮಗೆ ಬೇಕಾಗುತ್ತದೆ. ತಗ್ಗಿಸಿದ ಮೇಲೆ ದೀಪವನ್ನು ಮತ್ತೆ ಹೊಂದಿಸಲೇಬೇಕು. ಕ್ಯಾಮೆರಾ, ರಾಡಾರ್ ಇರುವ ಗಾಡಿಗಳಿಗೆ ಅವುಗಳ ಕ್ಯಾಲಿಬ್ರೇಷನ್ ಕೂಡ ಆಗಬೇಕು.

ನೆಕ್ಕರ್‌ತೀರದ_ಕನ್ನಡಿಗ

ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇರುವವನು. ನನ್ನ ಮಾಡೆಲ್ 3 ಗಾಡಿಯನ್ನು 30 ಮಿ.ಮೀ. ತಗ್ಗಿಸಿದ್ದೇನೆ. ಅದರಿಂದ ನನಗೆ ಸಂತೋಷವಿದೆ, ಅದನ್ನು ಮುಚ್ಚಿಡುವುದಿಲ್ಲ. ಹಾಗಾಗಿ ಇನ್ನೊಂದು ಕಡೆಯ ಅನುಭವವೂ ಇಲ್ಲಿ ದಾಖಲಾಗಲಿ.

ಇಲ್ಲಿ ಸ್ಪ್ರಿಂಗ್ ಕೊಂಡರೆ ಅದರ ಜೊತೆ ಟೈಲೆಗುಟಾಖ್ಟನ್ ಎಂಬ ತಾಂತ್ರಿಕ ವರದಿ ಬರುತ್ತದೆ. ಯಾವ ಮಾದರಿಗೆ, ಮುಂದಿನ ಮತ್ತು ಹಿಂದಿನ ಅಚ್ಚಿನ ಮೇಲೆ ಎಷ್ಟು ಭಾರದವರೆಗೆ, ಯಾವ ಅಳತೆಯ ಚಕ್ರದೊಂದಿಗೆ ಅದನ್ನು ಬಳಸಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಜೋಡಿಸಿದ ನಂತರ ಗಾಡಿಯನ್ನು ಟ್ಯೂಫ್‌ನಂಥ ಪರೀಕ್ಷಾ ಸಂಸ್ಥೆಗೆ ಒಯ್ಯಬೇಕು. ಅಲ್ಲಿನ ಪರೀಕ್ಷಕರು ಒಂದು ಮೂಲೆಯ ಚಕ್ರವನ್ನೂ ಅದರ ಕರ್ಣದ ಎದುರಿನ ಚಕ್ರವನ್ನೂ ದಿಮ್ಮಿಯ ಮೇಲೆ ಏರಿಸಿ, ಸ್ಟಿಯರಿಂಗನ್ನು ಕೊನೆಯವರೆಗೂ ತಿರುಗಿಸಿ, ಟೈರು ಎಲ್ಲಾದರೂ ಉಜ್ಜುತ್ತದೆಯೇ ಎಂದು ನೋಡುತ್ತಾರೆ. ಒಪ್ಪಿದರೆ ಬದಲಾವಣೆಯನ್ನು ಗಾಡಿಯ ದಾಖಲೆಗೆ ಸೇರಿಸಲಾಗುತ್ತದೆ. ಒಪ್ಪಿಗೆಯಿಲ್ಲದ ಬಿಡಿಭಾಗ ಹಾಕಿ ಓಡಿಸಿದರೆ ಗಾಡಿಯ ಸಂಚಾರ ಪರವಾನಗಿಯೇ ರದ್ದಾಗುತ್ತದೆ. ಸ್ಪ್ರಿಂಗ್ ಮತ್ತು ಚಕ್ರ ಎರಡನ್ನೂ ಬದಲಿಸಿದರೆ ಎರಡನ್ನೂ ಒಟ್ಟಾಗಿಯೇ ಪರೀಕ್ಷಿಸಬೇಕು ಎಂಬುದು ನನಗೆ ಬಹಳ ವಿವೇಕದ ನಿಯಮವಾಗಿ ಕಾಣುತ್ತದೆ. ಒಂದೊಂದಾಗಿ ಸರಿಯಿರುವ ಎರಡು ಬದಲಾವಣೆಗಳು ಸೇರಿದಾಗ ಟೈರು ಮಡ್‌ಗಾರ್ಡಿಗೆ ತಾಗಬಹುದಲ್ಲವೇ.

ಆದರೂ ಒಂದು ವರ್ಷದೊಳಗೆ ಹಿಂದಿನ ಟೈರುಗಳ ಒಳಂಚು ಸವೆಯಿತು. ಹಿಂದೆ ಮಲ್ಟಿಲಿಂಕ್ (ಪ್ರತಿ ಚಕ್ರಕ್ಕೂ ಹಲವು ಬಿಡಿ ಆರ್ಮ್‌ಗಳಿರುವ ಸಸ್ಪೆನ್ಷನ್) ಇರುವುದರಿಂದ ಉದ್ದ ಹೊಂದಿಸಬಹುದಾದ ಆರ್ಮ್ ಹಾಕಿಸಿ ಕ್ಯಾಂಬರ್ ಸರಿಮಾಡಿಸಿದೆ. ಟ್ವಿಸ್ಟ್ ಬೀಮಿನಲ್ಲಿ ಆ ಅವಕಾಶವೂ ಇರುವುದಿಲ್ಲ. ವಿದ್ಯುತ್ ಬಳಕೆಯಲ್ಲಿ ನಾನು ಗುರುತಿಸಬಲ್ಲಷ್ಟು ವ್ಯತ್ಯಾಸವೇನೂ ಆಗಲಿಲ್ಲ. ಇಲ್ಲಿ ತಳ ತಾಗುವುದೆಂದರೆ ನೆಲಮಾಳಿಗೆಯ ಪಾರ್ಕಿಂಗಿನ ಇಳಿಜಾರಿನಲ್ಲಿ ಮಾತ್ರ. ರಜೆಗೆ ಮಂಡ್ಯಕ್ಕೆ ಬಂದಾಗ ಅಣ್ಣನ ಗಾಡಿ ಓಡಿಸುತ್ತೇನೆ. ನನ್ನ ಗಾಡಿ ಅಲ್ಲಿದ್ದಿದ್ದರೆ ಈ ಕೆಲಸವನ್ನು ಖಂಡಿತ ಮಾಡಿಸುತ್ತಿರಲಿಲ್ಲ.

ಕಲಮು_ಕಾಯಿದೆ

ಜರ್ಮನಿಯವರು ನಿಯಮ ಹೇಳಿದ್ದರಿಂದ ನಮ್ಮದನ್ನೂ ಹೇಳುವುದು ಉಚಿತ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಜನವರಿ 2019ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ನಿಮ್ಮ ಮಾದರಿಗೆ ತಯಾರಕರೇ ಕೊಡುವ ಚಕ್ರದ ಅಳತೆಯೊಳಗೆ ಇರುವುದು ಅತ್ಯಂತ ಸುರಕ್ಷಿತ ದಾರಿ. ಏನೇ ಬದಲಿಸಿದರೂ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ಇಪ್ಪತ್ತರಿಂದ_ಹತ್ತೊಂಬತ್ತು

ಚಕ್ರ ಬದಲಿಸುವುದೆಂದರೆ ದೊಡ್ಡದು ಮಾಡುವುದೆಂದೇ ಎಲ್ಲರೂ ಭಾವಿಸುತ್ತಾರೆ. ನಾನು ಚಿಕ್ಕದು ಮಾಡಿಕೊಂಡೆ.

ನನ್ನ ಐಯೋನಿಕ್ 5 ಇಲ್ಲಿ 255/45 ಆರ್20 ಟೈರಿನೊಂದಿಗೆ ಬಂತು. ಬೇರೆ ದೇಶಗಳಲ್ಲಿ ಅದೇ ಗಾಡಿಯನ್ನು 235/55 ಆರ್19 ಟೈರಿನೊಂದಿಗೂ ಮಾರುತ್ತಾರೆ. ಹೊರವ್ಯಾಸ ಒಂದು 738 ಮಿ.ಮೀ., ಇನ್ನೊಂದು 741. ಬಹುತೇಕ ಒಂದೇ. ಭಾರಸೂಚಿಯೂ ಸರಿಸಮ ಸಿಗುತ್ತದೆ. ಸೈಡ್‌ವಾಲ್ ಮಾತ್ರ 115ರಿಂದ 129 ಮಿ.ಮೀ.ಗೆ ಏರುತ್ತದೆ. ಬೆಂಗಳೂರಿನ ಒಂದೇ ಮಳೆಗಾಲದಲ್ಲಿ ಗುಂಡಿಗಳಿಗೆ ಬಿದ್ದು ಎರಡು ಟೈರುಗಳ ಪಕ್ಕ ಉಬ್ಬಿ, ಒಂದು ಅಲಾಯ್ ಬಾಗಿದ ಮೇಲೆ ನಾನು ಈ ತೀರ್ಮಾನಕ್ಕೆ ಬಂದೆ. ಬ್ರೇಕಿನ ಕ್ಯಾಲಿಪರಿಗೆ ಹೊಸ ಚಕ್ರದ ಒಳಮೈ ತಾಗದಂತೆ, ಬೋಲ್ಟುಗಳ ವೃತ್ತ, ನಡುರಂಧ್ರ ಮತ್ತು ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಮೂಲದ ಹಾಗೆಯೇ ಇರುವಂತೆ ನೋಡಿಕೊಂಡೆ. ಅಂದಿನಿಂದ ಒಂದು ಟೈರೂ ಹಾಳಾಗಿಲ್ಲ. ಗಾಡಿಯೊಳಗೆ ರಸ್ತೆಯ ಸದ್ದೂ ಕಡಿಮೆಯಾಗಿದೆ.

ಒಂದು ಎಚ್ಚರಿಕೆ. ಟೈರಿನ ಹೊರವ್ಯಾಸ ಬದಲಾದರೆ ಡ್ಯಾಶ್‌ಬೋರ್ಡ್ ತೋರಿಸುವ ದೂರವೂ ಬದಲಾಗುತ್ತದೆ. ಉದಾಹರಣೆಗೆ ನೆಕ್ಸಾನಿಗೆ 225/55 ಆರ್17 ಹಾಕಿದರೆ ವ್ಯಾಸ 679 ಮಿ.ಮೀ. ಆಗಿ, ನಿಜವಾಗಿ 100 ಕಿ.ಮೀ. ಓಡಿದ್ದನ್ನು ಗಾಡಿ ಸುಮಾರು 98 ಎಂದು ಲೆಕ್ಕ ಹಾಕುತ್ತದೆ. ಅದನ್ನು ಸರಿಪಡಿಸದೆ ಮೈಲೇಜ್ ಹೋಲಿಸಿ ಬರೆದ ಎಷ್ಟೋ ಅನುಭವಗಳು ತಪ್ಪು ದಾರಿಗೆ ಎಳೆಯುತ್ತವೆ.

ಟಾರ್ಕ್_ಲೆಕ್ಕ

ಇದರ ಜೊತೆಗೆ ಇನ್ನೊಂದು. ದೊಡ್ಡ ಅಲಾಯ್ ಭಾರವಾಗಿರುವುದರಿಂದ ನಗರದಲ್ಲಿ ನಿಂತು ಹೊರಡುವಾಗಲೆಲ್ಲ ಹೆಚ್ಚು ಶಕ್ತಿ ಹೋಗುತ್ತದೆ ಎನ್ನುತ್ತಾರೆ. ಪೆಟ್ರೋಲ್ ಗಾಡಿಯಲ್ಲಿ ಆ ಮಾತಿಗೆ ತೂಕ ಹೆಚ್ಚು. ಎಲೆಕ್ಟ್ರಿಕ್ ಗಾಡಿಯಲ್ಲಿ ತಿರುಗುವ ಚಕ್ರದೊಳಗಿನ ಶಕ್ತಿಯ ಒಂದು ಭಾಗ ರೀಜೆನ್ ಬ್ರೇಕಿನಲ್ಲಿ, ಅಂದರೆ ಮೋಟಾರೇ ಜನರೇಟರಿನಂತೆ ಗಾಡಿಯನ್ನು ನಿಧಾನಗೊಳಿಸುವಾಗ, ಬ್ಯಾಟರಿಗೆ ಮರಳುತ್ತದೆ. ಆದ್ದರಿಂದ ಅಲಾಯ್ ತೂಕದ ಬಗ್ಗೆ ಅತಿಯಾಗಿ ತಲೆಕೆಡಿಸಿಕೊಳ್ಳದೆ, ಟೈರಿನ ಉರುಳು ಪ್ರತಿರೋಧದ ಕಡೆ ಗಮನ ಕೊಡಿ. ಆದರೆ ಗುಂಡಿಯ ಮೇಲೆ ಚಕ್ರ ಬಡಿಯುವ ಪೆಟ್ಟಿಗೆ ಆ ತೂಕ ಮುಖ್ಯವೇ. ಅಲ್ಲಿ ರೀಜೆನ್ ಏನೂ ನೆರವಾಗುವುದಿಲ್ಲ.

ಬಿಳಿನೆಕ್ಸಾನ್_ತುಮಕೂರು

ಹದಿನೈದು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ.

ಮೊದಲು ಹೇಳಿದ ಕ್ರಮದಲ್ಲೇ ತಪಾಸಣೆ ಮಾಡಿಸಿದೆ. ಟೈರುಗಳಲ್ಲಿ ಗಾಳಿ ಬಾಗಿಲಿನ ಕಂಬದ ಫಲಕದಲ್ಲಿ ಬರೆದಿರುವುದಕ್ಕಿಂತ 5 ಪಿಎಸ್‌ಐ ಕಡಿಮೆ ಇತ್ತು. ಮುಂದಿನ ಎಡ ಚಕ್ರದ ಟೋ ಹೊರಗೆ ಹೋಗಿತ್ತು. ಬಲಬದಿಯ ಆಂಟಿರೋಲ್ ಬಾರಿನ ಲಿಂಕ್ ಸಡಿಲವಾಗಿ ಟಕಟಕ ಅನ್ನುತ್ತಿತ್ತು. ಲಿಂಕ್ ಎರಡೂ ಕಡೆ ಬದಲಿಸಿ, ಅದೇ 215/60 ಆರ್16 ಅಳತೆಯಲ್ಲಿ, ಭಾರಸೂಚಿ 95ರ, ಉರುಳು ಪ್ರತಿರೋಧ ಕಡಿಮೆ ಇರುವ ಹೊಸ ಟೈರು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿದೆ. ನೆಲಮಂಗಲದ ಫ್ಲೈಓವರಿನ ಮೇಲೆ ಲೇನ್ ಬದಲಿಸುವಾಗ ಗಾಡಿ ಕೊಂಡ ಹೊಸತರಲ್ಲಿ ಇದ್ದ ಹಾಗೆಯೇ ಇದೆ.

ಕಮಾನಿನ ಖಾಲಿ ಜಾಗ ಈಗಲೂ ನನಗೆ ಇಷ್ಟವಿಲ್ಲ. ಹಾಗಾಗಿ ಸ್ಪ್ರಿಂಗಿನ ಆಸೆಯನ್ನು ಕೈಬಿಡುವ ಮೊದಲು ಒಮ್ಮೆ ನಾನೇ ಅಳೆದು ನೋಡಬೇಕೆನಿಸಿತು. ಕಳೆದ ಭಾನುವಾರ ಪುತ್ತೂರಿಗೆ ಹೋದಾಗ ಮನೆಯವರನ್ನೆಲ್ಲ ಕೂರಿಸಿ, ಸಾಮಾನು ಇಳಿಸುವ ಮೊದಲೇ, ಅಂಗಳದ ಸಮತಟ್ಟು ನೆಲದಲ್ಲಿ ಬ್ಯಾಟರಿ ಪೆಟ್ಟಿಗೆಯ ಕೆಳಗೆ ಅಳತೆಪಟ್ಟಿ ಇಟ್ಟೆ. ನೆಲದಿಂದ 163 ಮಿ.ಮೀ. ಇತ್ತು. ಆಮೇಲೆ ಮನೆಗೆ ಬರುವ ತಿರುವಿನಲ್ಲಿರುವ ದಿಬ್ಬಕ್ಕೆ ಅಡ್ಡಲಾಗಿ ಒಂದು ನೇರವಾದ ಬಿದಿರಿನ ಕೋಲು ಹಿಡಿದು ಅದರ ಎತ್ತರವನ್ನೂ ಅಳೆದೆ. ಎರಡಡಿ ಅಗಲ, 140 ಮಿ.ಮೀ. ಎತ್ತರ. ಈಗ 23 ಮಿ.ಮೀ. ಉಳಿಸಿಕೊಂಡು ದಾಟುತ್ತಿದ್ದೇನೆ. ಮುಂದೆ 35 ಮತ್ತು ಹಿಂದೆ 25 ಎಂದರೆ ನಡುವೆ 30 ತಗ್ಗಿದಂತೆ.

ಸ್ಪ್ರಿಂಗಿಗೆ ಕೊಟ್ಟಿದ್ದ ಮುಂಗಡವನ್ನು ಸೋಮವಾರ ವಾಪಸು ತೆಗೆದುಕೊಂಡೆ.